ದಪ್ಪ ಮಡಿಕೆ

ಎರಡನೇ ಸೂಜಿಯೂ ಮುರಿದಾಗ ಹಂಪಕ್ಕ ಪೆಡಲಿನಿಂದ ಕಾಲು ಎತ್ತಿಬಿಟ್ಟಳು. ಬಳ್ಳಾರಿಯ ಆ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಅದು ಅವಳ ಮೊದಲ ದಿನ. ಕುರುಗೋಡಿನ ಮನೆಯಲ್ಲಿ ಇಪ್ಪತ್ತು ವರ್ಷ ತುಳಿದದ್ದು ಕಾಲುಮಷೀನು. ಪಾದ ಬಿಡದೆ ಆಡುತ್ತಿದ್ದರಷ್ಟೇ ಹೊಲಿಗೆ ಸಾಗುತ್ತಿತ್ತು. ಇಲ್ಲಿನ ಕರೆಂಟ್ ಮಷೀನಿಗೆ ಕಾಲ್ಬೆರಳಿನ ಭಾರವೇ ಸಾಕು. ಇದು ಅವಳಿಗೆ ಗೊತ್ತಾಗಿತ್ತು, ಅವಳ ಕಾಲಿಗೆ ಗೊತ್ತಾಗಿರಲಿಲ್ಲ. ತುಳಿದಾಗಲೆಲ್ಲ ಬಟ್ಟೆ ಕೈತಪ್ಪಿ ಓಡುತ್ತಿತ್ತು.

ಸೂಪರ್‌ವೈಸರ್ ಅಮರೇಶ್ ಹೊಸ ಸೂಜಿ ಹಾಕಿಕೊಟ್ಟ. "ಮಧ್ಯಾಹ್ನದ ತನಕ ನೋಡ್ತೀನಿ ಅಕ್ಕಾ. ಆಗಲಿಲ್ಲಂದ್ರ ದಾರ ಕತ್ತರಿಸಾಕ ಕುಂದರ್ರಿ."

ದಾರ ಕತ್ತರಿಸುವುದು ಹೊಲಿಗೆ ಬಾರದವರ ಕೆಲಸ. ಊರಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಟೇಲರ್ ಹಂಪಕ್ಕ ಎಂದು. ಅವಳು ಬಟ್ಟೆಯನ್ನು ಮತ್ತೆ ಸೂಜಿಯ ಕೆಳಗೆ ಸರಿಸಿದಳು.

"ಚಪ್ಪಲಿ ಬಿಡ್ರಿ," ಎಂದಳು ಪಕ್ಕದ ಮಷೀನಿನ ನೇತ್ರಾ. "ಬರಿಗಾಲಿಲೆ ಒತ್ತಿದ್ರ ಅಳತಿ ಸಿಗತೈತಿ."

ಸಿಕ್ಕಿತು. ಹನ್ನೊಂದರ ಹೊತ್ತಿಗೆ ನೇರ ಹೊಲಿಗೆಗಳು ಹದಕ್ಕೆ ಬಂದವು. ಆದರೆ ಪ್ಯಾಂಟಿನ ಎರಡೂ ಕಾಲು ಕೂಡುವ ಜಾಗದಲ್ಲಿ ಮಡಿಕೆಗಳು ಒಂದರ ಮೇಲೊಂದು ಏರಿ ಗಂಟಿನಂತಾಗಿದ್ದವು. ಅಲ್ಲಿಗೆ ಬಂದರೆ ನೇತ್ರಾಳ ಮಷೀನೂ ಹೊಲಿಗೆ ತಪ್ಪಿಸುತ್ತಿತ್ತು. ಹಂಪಕ್ಕನ ಮೂರನೇ ಸೂಜಿ ಅಲ್ಲೇ ಮುರಿಯಿತು.

ಅವಳು ಪ್ಯಾಂಟನ್ನು ಬಿಡಿಸಿಕೊಂಡು ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವಾಗ ಮೂಲೆಗಳು ಹೀಗೇ ಉಬ್ಬುತ್ತಿದ್ದವು. ಯೋಚಿಸುತ್ತ ಕೂರದೆ ಎದ್ದು ಹೋದಳು. ಕಟಿಂಗ್ ಮೇಜಿನ ಮೇಲೆ ಬಟ್ಟೆ ಜರುಗದಂತೆ ಇಟ್ಟಿದ್ದ ಕಬ್ಬಿಣದ ತುಂಡು ತಂದು, ಮಡಿಕೆಯನ್ನು ನೆಲದ ಮೇಲಿಟ್ಟು ನಾಲ್ಕು ಸಲ ಕುಟ್ಟಿದಳು. ಹೊಸ ಸೂಜಿ ಹಾಕಿಕೊಂಡು ಮತ್ತೆ ಹೊಲಿದಾಗ ಅದು ಗಂಟನ್ನು ನಿಧಾನವಾಗಿ ದಾಟಿತು.

ಸದ್ದು ಕೇಳಿ ಅಮರೇಶ್ ಬಂದ. "ಏನು ಕುಟ್ಟಾಕ ಹತ್ತೀರಿ?"

"ಉಬ್ಬಿತ್ತು. ಮಲಗಿಸಿದೆ."

ಅವನು ಹೊಲಿಗೆಯನ್ನು ಎರಡೂ ಕಡೆ ಹಿಡಿದು ಜಗ್ಗಿದ. ಒಂದು ಎಳೆಯೂ ಬಿಡಲಿಲ್ಲ.

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಕೌದಿ ಮೂಲಿನೂ ಹಿಂಗ ಇರತೈತಲ್ಲ."

ಅವನು ಪ್ಯಾಂಟನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. "ಉಂಡು ಬಂದು ಇದ ಮಷೀನಿಗೆ ಕುಂದರ್ರಿ," ಎಂದು ಹೇಳಿ ಹೋದ.

ಊಟದ ಬೆಲ್ಲಿಗೆ ಹೆಂಗಸರು ಬುತ್ತಿ ಹಿಡಿದು ಹೊರಗೆ ನಡೆದರು. ನೇತ್ರಾ ಮಾತ್ರ ತನ್ನ ಪ್ಯಾಂಟನ್ನು ನೆಲಕ್ಕಿಟ್ಟು, ಕುಕ್ಕರಗಾಲಲ್ಲಿ ಕೂತು, ಕಬ್ಬಿಣ ಎತ್ತಿ ಕುಟ್ಟಿದಳು.

"ಇಷ್ಟು ಸಾಕೇನ್ರಿ?"

ಹಂಪಕ್ಕ ಬಗ್ಗಿ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದಳು.

"ಇನ್ನೆರಡು."