ಕೇಳಬೇಕಾದ ಮಾತು

ಗಂಗಹನುಮಯ್ಯ ಮೇಷ್ಟ್ರು ಕುಣಿಗಲ್ಲಿನಿಂದ ಗುಬ್ಬಿಗೆ ವರ್ಗ ಮಾಡಿಸಿಕೊಂಡು ಬಂದಾಗ ಅವರ ಜೊತೆಗೆ ಬಂದದ್ದು ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟೌ, ಅಷ್ಟೆ. ಸಂಸಾರ ಮಾಡಿದ ಮನೆಯಲ್ಲಿ ಒಬ್ಬರೇ ಇರಲು ಅವರಿಂದ ಆಗಲಿಲ್ಲ. ಹೆಂಡತಿ ಚೆನ್ನಮ್ಮ ತನ್ನ ಜೀವ ತಾನೇ ಕಳೆದುಕೊಂಡಿದ್ದಳು. ಕಾಯಿಲೆಯಿಂದ ಹೋಗಿದ್ದರೆ ಜನ ಬಂದು ಕೂತು, ಅತ್ತು, ಸಮಾಧಾನದ ಮಾತಾಡಿ ಹೋಗುತ್ತಿದ್ದರು. ಇಂಥ ಸಾವಿಗೆ ಹಾಗಲ್ಲ. ಪೊಲೀಸರು ಬಂದರು, ಮಹಜರು ಬರೆದುಕೊಂಡರು. ಆಮೇಲೆ ಯಾರೂ ಬರಲಿಲ್ಲ. ಬೀದಿಯಲ್ಲಿ ಎದುರಾದವರು ಚಪ್ಪಲಿ ನೋಡಿಕೊಂಡು ಸರಿದುಹೋಗುತ್ತಿದ್ದರು.

ಗುಬ್ಬಿಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. "ಮನೆಯವ್ರು?" ಎಂದು ಕೇಳಿದವರಿಗೆ "ತೀರಿಕೊಂಡರು" ಎನ್ನುತ್ತಿದ್ದರು. ಏನಾಗಿತ್ತು ಎಂದು ಮುಂದುವರಿದರೆ, "ಹೊಟ್ಟೆನೋವು." ಹೀಗೆ ಹೇಳಿ ಹೇಳಿ ಅವರಿಗೇ ಅದು ನಿಜವೇನೋ ಅನ್ನಿಸತೊಡಗಿತ್ತು. ಚೆನ್ನಮ್ಮನ ಹೆಸರನ್ನು ಬಾಯಿಬಿಟ್ಟು ಹೇಳಿ ವರ್ಷಗಳೇ ಆಗಿದ್ದವು. ಬೆಳಿಗ್ಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ, ಸಂಜೆ ರೂಮಿನಲ್ಲಿ ಒಬ್ಬರ ಪಾಲಿನ ಅನ್ನ. ಕೆಲವು ಭಾನುವಾರ ಹಾಲಿನವನೊಬ್ಬನನ್ನು ಬಿಟ್ಟರೆ ಯಾರ ಜೊತೆಗೂ ಮಾತಿಲ್ಲದೆ ಹೊತ್ತು ಮುಳುಗುತ್ತಿತ್ತು.

೧೯೮೨ರ ಜನವರಿಯಲ್ಲಿ ಹೆಡ್‌ಮಾಸ್ಟರು ಅವರನ್ನು ಕರೆದರು. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಹಳ್ಳಿ ನರ್ಸಮ್ಮಂದಿರಿಗೆ, ಸೂಲಗಿತ್ತಿಯರಿಗೆ ತರಬೇತಿ ಇದೆಯಂತೆ. ಪಾಠ ಹೇಳುವಾಕೆ ಸಿಲೋನಿನವಳು. ಆಕೆಯ ಇಂಗ್ಲಿಷನ್ನು ಕನ್ನಡ ಮಾಡಿ ಹೇಳಲು ಒಬ್ಬರು ಬೇಕಂತೆ. "ಆರೋಗ್ಯದ ವಿಷ್ಯ ಕಣ್ರೀ, ಒಂದಿನ ಹೋಗ್‌ಬನ್ನಿ" ಎಂದರು. ಮೇಷ್ಟ್ರು ಒಪ್ಪಿಕೊಂಡು ಬಸ್ಸು ಹತ್ತಿದರು.

ಆಸ್ಪತ್ರೆಯ ಹಾಲಿನಲ್ಲಿ ಗುಬ್ಬಿ, ಕುಣಿಗಲ್, ಕೋರ ಕಡೆಯ ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಸಿಲೋನಿನಾಕೆಯ ಹೆಸರು ಸುನೇತ್ರಾ. ನಡುವಯಸ್ಸು ದಾಟಿದ ನರ್ಸು, ಮೆತ್ತಗಿನ ದನಿ. ಸೂಲಗಿತ್ತಿ ರಂಗಮ್ಮ ಮೇಷ್ಟ್ರ ಕಡೆಗೆ ಬಾಗಿ, "ಸಿಲೋನ್ ಅಂದ್ರೆ ರೇಡಿಯೋದಾಗೆ ಹಾಡು ಬತ್ತದಲ್ಲ, ಅದೇ ಊರಾ ಸಾ?" ಎಂದಳು. ಹೌದೆಂದಾಗ ಎಲ್ಲರೂ ಸುನೇತ್ರಾಳನ್ನು ನೆಂಟಳಂತೆ ನೋಡಿದರು.

ಸುನೇತ್ರಾ ಮೊದಲನೇ ವಾಕ್ಯ ಹೇಳಿದ ಮೇಲೆ ಮೇಷ್ಟ್ರಿಗೆ ಇದು ಯಾವ ಆರೋಗ್ಯದ ವಿಷಯ ಎಂದು ತಿಳಿಯಿತು. ಬದುಕು ಸಾಕೆಂದು ತಾವೇ ಹೋಗಿಬಿಡುವವರ ಬಗ್ಗೆ, ಅವರನ್ನು ಹಿಡಿದು ನಿಲ್ಲಿಸುವುದರ ಬಗ್ಗೆ ಮಾತಾಡಲು ಆಕೆ ಬಂದಿದ್ದಳು. ಎದ್ದು ಹೋಗುವ ಹಾಗಿರಲಿಲ್ಲ. ಅಷ್ಟು ಜನ ಹೆಂಗಸರು ಅವರ ಬಾಯನ್ನೇ ನೋಡುತ್ತಿದ್ದರು. ಆಕೆ ಹೇಳಿದಂತೆ ಅವರು ಹೇಳುತ್ತಾ ಹೋದರು. ಅಂಥವರಲ್ಲಿ ಕಾಣುವ ಸುಳಿವುಗಳು: ಮಾತು ಕಮ್ಮಿಯಾಗುವುದು, ನಿದ್ದೆ ಬಿಡುವುದು, ಇಷ್ಟದ ವಸ್ತುಗಳನ್ನು ಕಂಡವರಿಗೆ ಕೊಟ್ಟುಬಿಡುವುದು. ಚೆನ್ನಮ್ಮ ತನ್ನ ಮದುವೆಯ ಸೀರೆಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟದ್ದು ಮೇಷ್ಟ್ರಿಗೆ ನೆನಪಾಯಿತು. ಕೆಮ್ಮಿ, ನೀರು ಕುಡಿದು ಮುಂದುವರಿದರು.

ಆಗ ಸುನೇತ್ರಾ ಹೇಳಿದಳು: "ಅನುಮಾನ ಬಂದರೆ ನೇರವಾಗಿ ಕೇಳಿ. ಸಾಯಬೇಕು ಅನ್ನಿಸುತ್ತಿದೆಯಾ ಎಂದೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳದಿದ್ದರೆ ಅವರು ಆ ಯೋಚನೆಯ ಜೊತೆ ಒಂಟಿಯಾಗಿ ಉಳಿಯುತ್ತಾರೆ."

ಹೆಂಗಸರು ಕಾದರು. ಕೊನೆಗೆ ಮೇಷ್ಟ್ರು, "ಏನಾದ್ರೂ ಕಷ್ಟ ಇದೆಯಾ ಅಂತ ವಿಚಾರಿಸಿ ಅಂತಾರೆ" ಎಂದರು.

ಸುನೇತ್ರಾಳಿಗೆ ಕನ್ನಡ ಬಾರದು. ಆದರೆ ತನ್ನ ಅಷ್ಟುದ್ದದ ಮಾತು ಇಷ್ಟಕ್ಕೇ ಮುಗಿದದ್ದು, ಹೇಳಿದವರ ಮುಖ ಬಿಳುಚಿಕೊಂಡದ್ದು ಆಕೆಗೆ ಕಂಡಿತು. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. "ಯಾರು?" ಎಂದಷ್ಟೇ ಕೇಳಿದಳು.

"ನನ್ನ ಹೆಂಡತಿ" ಎಂದರು ಮೇಷ್ಟ್ರು, ಇಂಗ್ಲಿಷಿನಲ್ಲಿ. ಪರಭಾಷೆಯಲ್ಲಿ ಆ ಮಾತು ಸುಲಭವಾಗಿ ಹೊರಬಂತು.

"ನನಗೆ ತಮ್ಮ" ಎಂದಳು ಸುನೇತ್ರಾ. ತಮ್ಮ ಹೋದ ಮೇಲೆ ಲಂಡನ್ನಿನಿಂದ ಬಂದಿದ್ದ ಹೆಂಗಸೊಬ್ಬಳಿಂದ ತಾನು ಈ ಕೆಲಸ ಕಲಿತದ್ದನ್ನು ಹೇಳಿದಳು. ಅಲ್ಲಿ ಟೆಲಿಫೋನಿನ ಮುಂದೆ ಕೂತು, ನೊಂದವರು ಫೋನು ಮಾಡಿದರೆ ಕೇಳಿಸಿಕೊಳ್ಳುತ್ತಾರಂತೆ. "ನಮ್ಮೂರಲ್ಲಿ ಫೋನೆಲ್ಲಿ? ನಾವು ಒಂದು ಬಾಗಿಲು ತೆಗೆದಿಟ್ಟೆವು, ಎರಡು ಕುರ್ಚಿ ಹಾಕಿದೆವು. ನಿಮ್ಮೂರಲ್ಲಿ ಹೇಗೆ ಮಾಡಬೇಕೋ ನನಗೆ ಗೊತ್ತಿಲ್ಲ. ಅದನ್ನು ಇವರೇ ಹೇಳಬೇಕು. ಆದರೆ ಆ ಪ್ರಶ್ನೆ ಮಾತ್ರ ಅವರಿಗೆ ತಲುಪಬೇಕು. ನಿಮ್ಮ ಕೈಲಾಗದಿದ್ದರೆ ಬೇರೆಯವರನ್ನು ಹುಡುಕುತ್ತೇನೆ, ಬೇಸರವಿಲ್ಲ."

ಮಧ್ಯಾಹ್ನ ಮೇಷ್ಟ್ರೇ ಎದ್ದು ನಿಂತರು. "ಬೆಳಿಗ್ಗೆ ಒಂದು ಮಾತು ನಾನು ಸರಿಯಾಗಿ ಹೇಳಲಿಲ್ಲ" ಎಂದು ಶುರುಮಾಡಿ, ಸುನೇತ್ರಾ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಹಾಲಿನಲ್ಲಿ ಗುಸುಗುಸು ಎದ್ದಿತು.

"ಅಂಗೆಲ್ಲಾ ಕೇಳುದ್ರೆ ಬಾಯಿ ಮ್ಯಾಲೆ ಹೊಡೀತಾರೆ ಸಾ" ಎಂದಳು ಒಬ್ಬಳು.

"ಅಪಶಕುನ ಆಡ್‌ಬ್ಯಾಡ ಅಂತಾರೆ" ಎಂದಳು ಇನ್ನೊಬ್ಬಳು.

ರಂಗಮ್ಮ ಎಲೆ ಅಡಿಕೆ ದವಡೆಗೆ ಒತ್ತಿಕೊಂಡು ಹೇಳಿದಳು: "ಕೇಳೋ ರೀತಿಲಿ ಕೇಳ್ಬೇಕು ಕಣವ್ವ. ಪೊಲೀಸ್ನೋರಂಗೆ ಎದ್ರುಗೆ ಕೂತ್ಕಂಡು ಕೇಳುದ್ರೆ ಯಾರ್ ಹೇಳಾರು? ಅವರೆಕಾಯಿ ಬುಡಿಸ್ತಾ ಕೇಳ್ಬೇಕು. ಕೈ ಕೆಲ್ಸದಾಗೆ ಇದ್ರೆ, ಮಖ ಮಖ ನೋಡೋ ಹಂಗಿಲ್ಲ. 'ಜೀವ ಕಳ್ಕಬೇಕು ಅನ್ನಿಸ್ತೈತಾ' ಅಂತ ಮೆತ್ತಗೆ ಕೇಳದು, ಕಾಯಿ ಬುಡಿಸ್ತಾ ಇರದು."

ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಸುನೇತ್ರಾ ಎರಡು ಸಲ ಕೇಳಿ ಅರ್ಥ ಮಾಡಿಕೊಂಡು, ನಮ್ಮಲ್ಲಿ ಕುರ್ಚಿಗಳನ್ನು ಎದುರುಬದುರು ಹಾಕಿದ್ದೇವೆ, ಹೋದ ತಕ್ಷಣ ತಿರುಗಿಸುತ್ತೇನೆ ಎಂದಳು. ಹೆಂಗಸರು ನಕ್ಕರು.

ಮೇಷ್ಟ್ರು ಸಂಜೆಯ ಬಸ್ಸಿನಲ್ಲಿ ಗುಬ್ಬಿಗೆ ಮರಳಿದರು. ಮತ್ತೆ ಅದೇ ರೂಮು, ಅದೇ ಸ್ಟೌ. ತಿಂಗಳೊಪ್ಪತ್ತಿನ ಮೇಲೆ, ಅವರೆಕಾಯಿಯ ಕಾಲ ಇನ್ನೇನು ಮುಗಿಯುತ್ತದೆ ಅನ್ನುವಾಗ, ಡ್ರಾಯಿಂಗ್ ಮೇಷ್ಟ್ರು ಶಿವರಾಮಯ್ಯ ಸ್ಟಾಫ್ ರೂಮಿಗೆ ಬಂದು ತಮ್ಮ ಬಣ್ಣದ ಪೆಟ್ಟಿಗೆ, ಕುಂಚಗಳನ್ನು ಅವರ ಮೇಜಿನ ಮೇಲಿಟ್ಟರು. "ಮಡಿಕ್ಕಳಿ ಮೇಷ್ಟ್ರೇ. ನಂಗಿನ್ನು ಬೇಡ." ಯಾರಿಗೂ ಮುಟ್ಟಲು ಬಿಡದಿದ್ದ ಕುಂಚಗಳು ಅವು. ಶಿವರಾಮಯ್ಯ ಮದುವೆಯಾಗದೆ ಒಬ್ಬರೇ ಇದ್ದವರು, ಯಾರ ತಂಟೆಗೂ ಹೋದವರಲ್ಲ. ಇಬ್ಬರ ನಡುವೆ ನಮಸ್ಕಾರ ಬಿಟ್ಟು ಹೆಚ್ಚಿನ ಬಳಕೆ ಇರಲಿಲ್ಲ.

ಮೇಷ್ಟ್ರಿಗೆ ಮುಂದಿನ ಪಾಠ ಮಾಡಲಾಗಲಿಲ್ಲ. ಸ್ಕೂಲು ಬಿಡುತ್ತಲೇ ಪೇಟೆಯಲ್ಲಿ ಒಂದು ಚೀಲ ಅವರೆಕಾಯಿ ತೆಗೆದುಕೊಂಡು ಶಿವರಾಮಯ್ಯನವರ ಮನೆಯ ಬಾಗಿಲು ತಟ್ಟಿದರು. "ಒಬ್ಬನೇ ಎಷ್ಟು ಅಂತ ಬಿಡಿಸ್ಲಿ, ಸ್ವಲ್ಪ ಕೈ ಹಾಕಿ ಶಿವರಾಮಯ್ಯನೋರೆ" ಎಂದರು. ಶಿವರಾಮಯ್ಯ ವಿಚಿತ್ರವಾಗಿ ನೋಡಿದರು. ಆದರೂ ಮೊರ ತಂದು ಜಗಲಿಯ ಮೇಲಿಟ್ಟರು.

ಇಬ್ಬರೂ ಕಾಯಿ ಬಿಡಿಸತೊಡಗಿದರು. ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು. ಕೊನೆಗೆ ಮೇಷ್ಟ್ರು ಮೊರವನ್ನೇ ನೋಡುತ್ತಾ ಕೇಳಿದರು: "ಜೀವ ಕಳ್ಕೋಬೇಕು ಅನ್ನಿಸ್ತಿದೆಯಾ?"

ಶಿವರಾಮಯ್ಯನವರ ಕೈ ನಿಂತಿತು. "ಏನ್ರೀ ಮಾತಾಡ್ತಿದೀರಾ? ತಲೆ ಕೆಟ್ಟಿದೆಯಾ ನಿಮ್ಗೆ?" ಎಂದು ಗದರಿದರು. ಮೇಷ್ಟ್ರು ಏಳಲಿಲ್ಲ. ಕಾಯಿ ಬಿಡಿಸುತ್ತಲೇ ಇದ್ದರು. ಒಂದಷ್ಟು ಹೊತ್ತಾದ ಮೇಲೆ ಶಿವರಾಮಯ್ಯ, "ಹೂಂ" ಎಂದರು. ಆಮೇಲೆ ಸಿಪ್ಪೆಗಳನ್ನು ಒಂದೆಡೆ ಒಟ್ಟುತ್ತಾ, "ಯಾಕೆ ಅಂತ ಮಾತ್ರ ಕೇಳ್ಬೇಡಿ. ಹೇಳಕ್ಕೆ ನಂಗೇ ಬರಲ್ಲ."

"ಕೇಳಲ್ಲ. ಇವತ್ತು ನಾನಿಲ್ಲೇ ಇರ್ತೀನಿ."

ಶಿವರಾಮಯ್ಯ ಅತ್ತರು. ಸಮಾಧಾನ ಮಾಡಲು ಮೇಷ್ಟ್ರಿಗೆ ಬರಲಿಲ್ಲ, ಪಕ್ಕದಲ್ಲಿ ಕೂತರು ಅಷ್ಟೆ. ಮಾರನೆಯ ದಿನ ಇಬ್ಬರೂ ತುಮಕೂರಿಗೆ ಹೋದರು. ಅಲ್ಲಿಯ ಸತ್ಯಮಂಗಲದಲ್ಲಿ ಶಿವರಾಮಯ್ಯನವರ ಅಕ್ಕ ಲಕ್ಷ್ಮೀದೇವಮ್ಮ ಇದ್ದರು. ವಿಷಯ ಕೇಳಿ, "ಅಯ್ಯೋ, ನನ್ನತ್ರ ಒಂದ್ ಮಾತು ಹೇಳ್ಬಾರ್ದಿತ್ತೇನೋ" ಎಂದು ತಮ್ಮನ ತಲೆ ತಬ್ಬಿಕೊಂಡರು. ಅಲ್ಲಿಂದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಗುಳಿಗೆ ಕೊಟ್ಟರು, ವಾರಕ್ಕೊಮ್ಮೆ ಬರಲು ಹೇಳಿದರು. ಒಂದೇ ಸಲಕ್ಕೆ ಏನೂ ಸರಿಹೋಗಲಿಲ್ಲ. ನಡುವೆ ಎರಡು ಸಲ ಶಿವರಾಮಯ್ಯ ಮತ್ತೆ ಮಂಕಾದರು. ಅಕ್ಕ ಬಂದು ಗುಬ್ಬಿಯಲ್ಲೇ ಉಳಿದರು.

ಒಂದು ವಾರ ಆಸ್ಪತ್ರೆಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಶಿವರಾಮಯ್ಯ ಕಿಟಕಿಯಾಚೆ ನೋಡುತ್ತಾ ಕೇಳಿದರು: "ನಿಮ್ಮನೆಯವ್ರದ್ದು ಹೊಟ್ಟೆನೋವಲ್ಲ, ಅಲ್ವಾ ಮೇಷ್ಟ್ರೇ?"

"ಅಲ್ಲ."

"ಹೆಸ್ರೇನು?"

"ಚೆನ್ನಮ್ಮ" ಎಂದರು ಮೇಷ್ಟ್ರು. ಮುಂದೆ ಗುಬ್ಬಿ ಬರುವವರೆಗೂ ಅವಳ ಬಗ್ಗೆಯೇ ಹೇಳಿದರು. ಅವಳು ಸಾರಿಗೆ ಹುಣಸೆ ಜಾಸ್ತಿ ಹಾಕುತ್ತಿದ್ದದ್ದು, ಸಿಡುಕಿದ ಮೇಲೆ ತಾನೇ ನಕ್ಕುಬಿಡುತ್ತಿದ್ದದ್ದು.

ಜೂನಿನಲ್ಲಿ ಶಿವರಾಮಯ್ಯನವರಿಗೆ ಅಕ್ಕನ ಮನೆಗೆ ಹತ್ತಿರವೆಂದು ಕೋರಕ್ಕೆ ವರ್ಗವಾಯಿತು. ಹೋಗುವಾಗ ಕುಂಚಗಳನ್ನು ಕೇಳಿ ವಾಪಸು ತೆಗೆದುಕೊಂಡರು. ಮೇಷ್ಟ್ರಿಗೆ ಅಷ್ಟು ಸಂತೋಷ ಬಹಳ ಕಾಲದಿಂದ ಆಗಿರಲಿಲ್ಲ. ಆಮೇಲೆ ಶಿವರಾಮಯ್ಯ ಮಾತ್ರ ಅಷ್ಟಾಗಿ ಕಾಣಿಸಿಕೊಳ್ಳಲಿಲ್ಲ. ತಮ್ಮ ಕೆಟ್ಟ ದಿನಗಳನ್ನು ಕಂಡವರ ಮುಖ ನೋಡುವುದು ಅವರಿಗೆ ಕಷ್ಟವಾಗಿರಬೇಕು. ಮೇಷ್ಟ್ರು ಬೇಸರಿಸಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ವರ್ಷ ಮೇಷ್ಟ್ರು ತುಮಕೂರಿನ ಆಸ್ಪತ್ರೆಯವರನ್ನು ಕೇಳಿ, ಭಾನುವಾರಗಳಂದು ಹಿತ್ತಲ ವರಾಂಡದಲ್ಲಿ ಒಂದು ಬೆಂಚು ಹಾಕಿಸಿಕೊಂಡರು. ನೊಂದವರು ಬಂದು ಕೂರಬಹುದು, ಮಾತಾಡಬಹುದು ಎಂದು ರಂಗಮ್ಮ ಮತ್ತು ನರ್ಸಮ್ಮಂದಿರು ಹಳ್ಳಿಗಳಲ್ಲಿ ಹೇಳಿದರು. ಎಷ್ಟೋ ಭಾನುವಾರ ಒಬ್ಬರೂ ಬರಲಿಲ್ಲ. ಮೇಷ್ಟ್ರು ಬುತ್ತಿ ಬಿಚ್ಚಿ ಒಬ್ಬರೇ ಉಂಡು, ಸಂಜೆಯ ಬಸ್ಸು ಹಿಡಿಯುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಬೆಂಚಿನ ಆ ತುದಿಯಲ್ಲಿ ಕೂತು, ಸೆರಗಿನ ಅಂಚು ಸುತ್ತುತ್ತಾ ಇದ್ದು, ಏನೂ ಹೇಳದೆ ಎದ್ದುಹೋದಳು. ಮುಂದಿನ ಭಾನುವಾರ ಮತ್ತೆ ಬಂದಳು.

"ಸಾ, ಇಲ್ಲಿ ಸುಮ್ನೆ ಕೂತ್ಕಬೋದಾ?"

"ಕೂತ್ಕೊಳ್ಳಮ್ಮ" ಎಂದರು ಮೇಷ್ಟ್ರು.