ಬೆನ್ನಿಗೆ ಕೂತವರು

ಕುರಿಗಾರ ಎಂಕಪ್ಪನ ಕುಲದಲ್ಲಿ ನ್ಯಾಯ ಕೇಳುವುದಕ್ಕೆ ಒಂದು ಕ್ರಮವಿತ್ತು. ಬೀರಪ್ಪನ ಗುಡಿಯ ಮುಂದೆ ಫಿರ್ಯಾದು ಹೇಳುವವನು ಒಬ್ಬನೇ ಹೋಗಿ ನಿಲ್ಲುವಂತಿರಲಿಲ್ಲ. ತನ್ನನ್ನು ಬಲ್ಲವರನ್ನು, ತನ್ನ ಬುತ್ತಿಯಲ್ಲಿ ಕೈಯಿಟ್ಟು ಉಂಡವರನ್ನು ಕರೆತಂದು ಬೆನ್ನಿಗೆ ಕೂಡಿಸಿಕೊಳ್ಳಬೇಕು. ಅವರು ಬಾಯಿ ಬಿಡುವುದಿಲ್ಲ, ಸುಮ್ಮನೆ ಕೂತು ಕೇಳುತ್ತಾರೆ. ಬೆನ್ನಿಗೆ ಎಂಥ ತಲೆಗಳು ಕೂತಿವೆ ಎಂಬುದನ್ನು ನೋಡಿಯೇ ಹಿರಿಯರು ಫಿರ್ಯಾದಿನ ತೂಕ ತಿಳಿಯುತ್ತಿದ್ದರು. ಎದುರಿನವನೂ ತನ್ನವರ ಜೊತೆ ಬಂದು ಕೂರಬೇಕು. ಬರದಿದ್ದರೆ ಅವನು ಸೋತಂತೆ.

ಹಾಗಾಗಿ ನಾರಾಯಣಪೇಟೆಯ ವಿಶ್ವವಿದ್ಯಾಲಯ ಸೇವಾ ಕೇಂದ್ರದ ಹರಿತಾ ಅವನ ಹಟ್ಟಿಗೆ ಬಂದು, "ಕಾಕಾ, ಐತವಾರ ನಮ್ಮಲ್ಲಿ ನಿನ್ನ ಹಳ್ಳದ ವಿಷಯ ಬರತೈತಿ. ದೊಡ್ಡ ಪ್ರೊಫೆಸರು ಮಾತಾಡ್ತಾರ. ನೀನೂ ಬಾ, ನಿನ್ನ ಮಂದೀನೂ ಕರಕೊಂಡು ಬಾ" ಎಂದಾಗ ಅವನಿಗೆ ಯಾವ ಸಂಶಯವೂ ಹುಟ್ಟಲಿಲ್ಲ. ಕೊನೆಗೂ ಪಂಚಾಯಿತಿ ಕೂಡುತ್ತಿದೆ ಎಂದುಕೊಂಡ. ಹರಿತಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿನ ಉಪನ್ಯಾಸದ ದಿನ ಕುರ್ಚಿಗಳು ಖಾಲಿ ಉಳಿದಿದ್ದವು, ಈ ಸಲ ತುಂಬಿದರೆ ಸಾಕೆಂದು ಆಕೆಯ ಆಸೆ.

ಹಳ್ಳದ ವಿಷಯವೆಂದರೆ ಇಷ್ಟು. ಮಕ್ತಲ್ ಕಡೆಯ ಅವನ ಊರಿನ ಮೇಲ್ಭಾಗದಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಉಪ್ಪಿನ, ಪುಡಿ ಮಾಡುವ ಕಾರ್ಖಾನೆಯೊಂದು ಬಂದಿತ್ತು. ಅದರ ತೊಳೆದ ನೀರು ಹಳ್ಳಕ್ಕೆ ಇಳಿಯುತ್ತಿತ್ತು. ಆ ನೀರು ಕುಡಿದು ದನಕ್ಕೆ ಏನೂ ಆಗಲಿಲ್ಲ, ಎಮ್ಮೆಗೂ ಆಗಲಿಲ್ಲ. ಕುರಿಯ ಯಕೃತ್ತಿನ ಗುಣವೇ ಬೇರೆ, ತನಗೆ ಸೇರಿದ ತಾಮ್ರವನ್ನು ಅದು ಹೊರಗೆ ಬಿಡದೆ ಕೂಡಿಡುತ್ತದೆ. ತಿಂಗಳುಗಟ್ಟಲೆ ಮೇಯ್ದು ಮಲಗಿ ಚೆನ್ನಾಗಿಯೇ ಇದ್ದ ಕುರಿ ಒಂದು ಬೆಳಿಗ್ಗೆ ಕಣ್ಣಿನ ಬಿಳಿ ಹಳದಿಯಾಗಿ, ಡಿಕಾಕ್ಷನ್ ಬಣ್ಣದ ಉಚ್ಚೆ ಹೊಯ್ದು, ಸಂಜೆಯೊಳಗೆ ಕಾಲು ಚಾಚುತ್ತಿತ್ತು. ಮಂದೆ ಅರ್ಧಕ್ಕೆ ಇಳಿದ ಮೇಲೆ ಎಂಕಪ್ಪ ಹಳ್ಳದ ಕಡೆ ಕುರಿ ಬಿಡುವುದನ್ನು ನಿಲ್ಲಿಸಿದ. ಹೆಂಡತಿ ಜಮ್ಮುಲಮ್ಮ ಬೋರಿನಿಂದ ಕೊಡಗಟ್ಟಲೆ ಹೊತ್ತು ತಂದು ಕುಡಿಸುತ್ತಿದ್ದಳು. ಆ ಬೋರು ಬೇಸಿಗೆಗೆ ನಿಲ್ಲುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವರ ಆಸೆಯೆಲ್ಲ ಕೃಷ್ಣೆಯ ಆಚೆಗಿತ್ತು. ಶಾಂತಿನಗರದ ಪೆದ್ದಪ್ಪ ಮತ್ತು ಅವನ ಅಕ್ಕಪಕ್ಕದ ರೈತರು, ಹತ್ತಿ ಬಿಡಿಸಿಕೊಂಡ ಮೇಲೆ, ಪ್ರತಿ ವರ್ಷ ಎಂಕಪ್ಪನ ಮಂದೆಯನ್ನು ಹೊಲದಲ್ಲಿ ಕೂಡಿಸಿಕೊಳ್ಳುತ್ತಿದ್ದರು. ಹಿಕ್ಕೆ ಅವರ ಹೊಲಕ್ಕೆ, ಉಳಿದ ಎಲೆ ಮತ್ತು ಕಾಲುವೆಯ ನೀರು ಕುರಿಗೆ.

"ಒಂದು ಬ್ಯಾಸಗಿ ಆ ಕಾಲುವಿ ನೀರು ಕುಡದ್ರ ಇರೋವು ಉಳೀತಾವ" ಎಂದು ಜಮ್ಮುಲಮ್ಮ ಅನ್ನುತ್ತಿದ್ದಳು. "ಅಲ್ಲಿಗೆ ಮುಟ್ಟಿಸೋದು ಒಂದ ನೋಡು."

ಬೆನ್ನಿಗೆ ಕೂಡಿಸಿಕೊಳ್ಳುವುದಕ್ಕೆ ಪೆದ್ದಪ್ಪನಿಗಿಂತ ತೂಕದವರು ಯಾರಿದ್ದಾರೆ? ಎಂಕಪ್ಪ ಗದ್ವಾಲದ ಬಸ್ಸು ಹತ್ತಿ, ಅಲ್ಲಿಂದ ಶಾಂತಿನಗರಕ್ಕೆ ಹೋಗಿ, ಮನೆಮನೆಗೆ ಎಲೆ ಅಡಿಕೆ ಕೊಟ್ಟು ಕರೆದು ಬಂದ. ಜಮ್ಮುಲಮ್ಮನಿಗೆ ಅದು ಹಿಡಿಸಲಿಲ್ಲ.

"ಮನಿಯಾಗಿನ ಜಡ್ಡು ಮಂದಿಗ್ಯಾಕ ತೋರಿಸ್ತಿ?"

"ಜಡ್ಡಲ್ಲ ಇದು, ಫಿರ್ಯಾದು" ಎಂದ ಎಂಕಪ್ಪ. "ಫಿರ್ಯಾದು ಮುಚ್ಚಿಟ್ರ ಗೆಲ್ತೈತೇನು?"

ಐತವಾರ ಅವರೆಲ್ಲ ಒಂದು ಟೆಂಪೋ ಮಾಡಿಕೊಂಡು ಬಂದರು. ಕೇಂದ್ರದ ಸಭಾಂಗಣದಲ್ಲಿ 'ಪರಿಸರ ರಾಜಕಾರಣ: ಸಾರ್ವಜನಿಕ ಉಪನ್ಯಾಸ' ಎಂಬ ಬಟ್ಟೆ ಕಟ್ಟಿತ್ತು. ಎಂಕಪ್ಪ ತೊಳೆದ ಧೋತರ ಉಟ್ಟು, ಕಂಬಳಿ ಹೆಗಲಿಗೆ ಹಾಕಿ, ಮೊದಲ ಸಾಲಿನಲ್ಲಿ ಕೂತ. ತನ್ನ ಹಿಂದಿನ ಎರಡು ಸಾಲು ಶಾಂತಿನಗರದವರಿಗೆ ಬಿಡಿಸಿದ. ಆಮೇಲೆ ಕತ್ತು ತಿರುಗಿಸಿ ಏನನ್ನೋ ಹುಡುಕತೊಡಗಿದ.

"ಯಾರನ್ನ ನೋಡಾಕತ್ತಿ ಕಾಕಾ?" ಎಂದಳು ಹರಿತಾ.

"ಎದುರು ಪಾರ್ಟಿ ಎಲ್ಲೈತವ್ವ? ಕಾರ್ಖಾನಿಯವರು ಬರಲಿಲ್ಲೇನು?"

"ಅವರ್ಯಾಕ ಬರ್ತಾರ? ಇದು ಭಾಷಣ ಕಾಕಾ."

ಹಾಗಾದರೆ ಅವರು ಸೋತಂತೆಯೇ ಎಂದುಕೊಂಡು ಎಂಕಪ್ಪ ನೆಟ್ಟಗೆ ಕೂತ.

ಪ್ರೊಫೆಸರ್ ಶಿವಕಾಂತ ರಾಯಚೂರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಓದಿದವರು. ಎಂಕಪ್ಪನ ಕುರಿಗಳ ರಕ್ತ, ಹಿಕ್ಕೆ, ಸತ್ತವುಗಳ ಯಕೃತ್ತು ಎಲ್ಲವನ್ನೂ ಅವರೇ ಒಯ್ದು ಪರೀಕ್ಷಿಸಿದ್ದರು. ಕನ್ನಡಕ್ಕೆ ತೆಲುಗು ಬೆರೆಸಿ ಚೆನ್ನಾಗಿ ಮಾತಾಡಿದರು. ಹೊಲಸು ನೀರು ತಾನಾಗಿ ಹರಿಯುವುದಿಲ್ಲ, ಯಾರಿಗೆ ದನಿಯಿಲ್ಲವೋ ಅವರ ಕಡೆ ಅದನ್ನು ಹರಿಸಲಾಗುತ್ತದೆ ಎಂದರು. ಹಿಂದೆ ಪೆದ್ದಪ್ಪ "ಖರೇ ಮಾತು" ಎಂದದ್ದು ಎಂಕಪ್ಪನಿಗೆ ಕೇಳಿಸಿತು. ಅವನ ಎದೆ ಅಗಲವಾಯಿತು.

ಪರದೆಯ ಮೇಲೆ ಒಂದು ಕುರಿಯ ಕಣ್ಣು ಬಂತು. ಗೋಡೆಯಷ್ಟು ದೊಡ್ಡ ಹಳದಿ ಕಣ್ಣು. "ಈ ಮಂದೆಯ ಹಿರಿಯರು ನಮ್ಮ ನಡುವೆಯೇ ಇದ್ದಾರೆ" ಎಂದು ಪ್ರೊಫೆಸರು ಕೈ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಎಂಕಪ್ಪ ಎದ್ದು ಕೈ ಮುಗಿದ. ನಂತರ ತಾಮ್ರದ ಪ್ರಮಾಣ ತೋರಿಸುವ ಮೂರು ಕೆಂಪು ಕಂಬಗಳು ಬಂದವು. ರಕ್ತದ್ದೊಂದು, ಯಕೃತ್ತಿನದ್ದೊಂದು, ಹಿಕ್ಕೆಯದ್ದೊಂದು. ಮೂರಕ್ಕೂ ಬೇರೆ ಬೇರೆ ಅಳತೆ ಹಿಡಿದದ್ದರಿಂದ ಹಿಕ್ಕೆಯ ಕಂಬ ಎಲ್ಲಕ್ಕಿಂತ ಎತ್ತರ ಕಾಣುತ್ತಿತ್ತು. ಅಳತೆಯನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದರು.

"ಕುಡಿದದ್ದೆಲ್ಲ ಕುರಿಯೊಳಗೇ ಉಳಿಯುವುದಿಲ್ಲ. ಮೈಗೆ ಸೇರದ ತಾಮ್ರ ಹಿಕ್ಕೆಯಲ್ಲಿ ಹೊರಡುತ್ತದೆ. ಈ ಮಂದೆ ನದಿ ದಾಟುತ್ತದೆ, ಆಚೆಯ ಹೊಲಗಳಲ್ಲಿ ಕೂಡುತ್ತದೆ. ಅಂದರೆ ಕಾರ್ಖಾನೆಯ ಮಾಲಿನ್ಯಕ್ಕೆ ಈಗ ಕಾಲು ಬಂದಿವೆ." ಆ ಮಾತು ಅವರಿಗೇ ಹಿಡಿಸಿತು. ಕೊಂಚ ತಡೆದು ಇನ್ನೊಮ್ಮೆ ಹೇಳಿದರು.

ಪ್ರಶ್ನೆ ಕೇಳಬಹುದು ಎಂದಾಗ ಮೊದಲು ಎದ್ದವನು ಪೆದ್ದಪ್ಪ.

"ಸಾರು, ಈ ಕುರಿ ನಮ್ಮ ಹೊಲದಾಗ ಕೂಡಿದ್ರ ಹೊಲ ಕೆಡತೈತೇನ್ರಿ?"

"ಕೆಡುತ್ತದೆ ಎಂದು ನಾನು ಹೇಳಲಾರೆ. ಕೆಡುವುದಿಲ್ಲ ಎಂದೂ ಹೇಳಲಾರೆ. ಮಣ್ಣಿನ ಅಧ್ಯಯನ ಇನ್ನೂ ಆಗಬೇಕು."

"ಅಂದ್ರ ಕೆಟ್ಟರೂ ಕೆಡಬಹುದು."

"ಅದನ್ನು ಅಲ್ಲಗಳೆಯಲು ಬರುವುದಿಲ್ಲ."

ಪ್ರಾಮಾಣಿಕವಾದ ಉತ್ತರ. ಅದಕ್ಕೂ ಚಪ್ಪಾಳೆ ಬಿತ್ತು. ಎಂಕಪ್ಪನ ಹಿಂದೆ ಕುರ್ಚಿಗಳು ಸರಿದ ಸದ್ದಾಯಿತು. ಪೆದ್ದಪ್ಪನ ಅಳಿಯ ಅಂಜನಕುಮಾರ್ ಕೂತಲ್ಲಿಂದಲೇ ದನಿ ತೆಗೆದ: "ಎಂಕಪ್ಪಣ್ಣ, ಇಷ್ಟ್ ವರ್ಷ ಗೊಬ್ಬರ ಅಂತ ತಾಮ್ರ ಸುರುವಿ ಹೋದ್ಯೇನಪ್ಪ? ಮೊದಲ ಹೇಳಿದ್ರ ಹಿಕ್ಕಿ ಆರಿಸಿಕೊಂಡು ಒಂದೆರಡು ತಾಮ್ರದ ಕೊಡ ಮಾಡಿಸ್ತಿದ್ವಿ." ಇಡೀ ಸಭೆ ನಕ್ಕಿತು. ಪ್ರೊಫೆಸರಿಗೂ ನಗು ತಡೆಯಲಾಗಲಿಲ್ಲ.

ಹೊರಗೆ ಚಹಾ ಕೊಡುತ್ತಿದ್ದಲ್ಲಿ ಎಂಕಪ್ಪ ಪೆದ್ದಪ್ಪನ ಪಕ್ಕಕ್ಕೆ ಹೋಗಿ ನಿಂತ.

"ಸಂಕ್ರಾಂತಿ ದಾಟಿದ ಮ್ಯಾಲ ಹೊರಡಬೇಕಂತ ಮಾಡೀನ್ರಿ ಗೌಡ."

ಪೆದ್ದಪ್ಪ ಸಿಟ್ಟಾಗಲಿಲ್ಲ. ಅವನು ಸಿಟ್ಟಾಗುವ ಮನುಷ್ಯನೇ ಅಲ್ಲ. "ನಮ್ಮದು ಕಂಪನಿಗೆ ಬೆಳೆಯೋ ಬೀಜದ ಹತ್ತಿ, ಎಂಕಪ್ಪ. ಕಂಪನಿಯವರ ಕಿವಿಗೆ ಇದು ಬಿದ್ರ ನಮ್ಮ ಹೊಲ ಕೈಬಿಡ್ತಾರ. ಈ ಸಲ ಬ್ಯಾಡ ಬಿಡು."

"ನೀವು ನನ್ನ ಬೆನ್ನಿಗೆ ಕೂಡಾಕ ಬಂದವರು."

"ಕೂತೀವಲ್ಲ? ನೀನ ಕರದಿ, ಬಂದ್ವಿ. ನೀನ ಹೇಳಿಸಿದಿ, ಕೇಳಿದ್ವಿ. ಇಷ್ಟು ಮಂದಿ ಕೇಳಿದ ಮ್ಯಾಲ ಕೇಳಿಲ್ಲ ಅಂತ ನಾ ಹ್ಯಾಂಗ ಅನ್ಲಿ?" ಚಹಾದ ಕಪ್ಪು ಕೆಳಗಿಟ್ಟು ಅವನ ಹೆಗಲು ತಟ್ಟಿದ. "ಆ ಕಾರ್ಖಾನಿಯವನನ್ನ ಬಿಡಬ್ಯಾಡ ಮತ್ತ. ನಾವದೀವಿ."

ಟೆಂಪೋ ಹೋಯಿತು. ಎಂಕಪ್ಪ ಮತ್ತೆ ಒಳಗೆ ಹೋದ. ಹರಿತಾ ಪ್ರೊಫೆಸರ ಮುಂದೆ ನಿಂತು ಅವನು ಕೇಳಬೇಕೆಂದಿದ್ದುದನ್ನೇ ಕೇಳುತ್ತಿದ್ದಳು. ಆಕೆ ರಸಾಯನಶಾಸ್ತ್ರ ಓದಿದವಳು.

"ಸರ್, ಆ ರೈತರು ಗಿಡಕ್ಕೆ ಮೈಲುತುತ್ತ ಸುಣ್ಣ ಕಲಸಿ ಹೊಡೀತಾರ. ಅದೇ ಕಾರ್ಖಾನಿ ಪುಡಿ. ಒಂದು ಸಲ ಹೊಡದ್ರ ಹೊಲಕ್ಕ ಬೀಳೋ ತಾಮ್ರ, ನಾಲ್ಕೈದು ವರ್ಷ ಈ ಕುರಿ ಕೂಡಿದ್ರೂ ಬೀಳಲ್ಲ. ಅದೊಂದು ಮಾತು ನೀವು ಹೇಳಿದ್ರ..."

"ಶಾಂತಿನಗರದ ಮಣ್ಣು ಅಳೆದಿದ್ದೀಯಾ?"

"ಇಲ್ಲ ಸರ್. ಲೆಕ್ಕ ಹಾಕಿದ್ರ ಗೊತ್ತಾಗ್ತದ."

"ಲೆಕ್ಕ ಬೇರೆ, ಅಳತೆ ಬೇರೆ. ಹಿಕ್ಕೆಯಿಂದ ಅಪಾಯವಿಲ್ಲ ಎಂದು ನಾನು ಇವತ್ತು ಹೇಳಿದರೆ, ನಾಳೆ ಕಾರ್ಖಾನೆಯ ವಕೀಲ ಅದನ್ನೇ ಓದುತ್ತಾನೆ. ಒಬ್ಬರಿಗೋಸ್ಕರ ಇಡೀ ವಾದ ಸಡಿಲ ಮಾಡಲಾಗುವುದಿಲ್ಲ ಹರಿತಾ." ಆಮೇಲೆ ಬಾಗಿಲಲ್ಲಿದ್ದ ಎಂಕಪ್ಪನನ್ನು ಕಂಡು ಮೃದುವಾಗಿ ನಕ್ಕರು. "ಬನ್ನಿ ಹಿರಿಯರೇ. ಮುಂದಿನ ಉಪನ್ಯಾಸ ಗದ್ವಾಲದಲ್ಲಿ. ನೀವು ವೇದಿಕೆಯ ಮೇಲೇ ಇರಬೇಕು."

ಅವನು ಹೋದ. ಗದ್ವಾಲದಲ್ಲಿ ಯಾರಾದರೂ ಹೊಲವಿದ್ದವರು ಮನಸ್ಸು ಮಾಡಬಹುದೆಂದು ಹೋದ. ಅಲ್ಲಿ ಅವನಿಗೆ ಶಾಲು ಹೊದಿಸಿದರು. ಹಾನಿ ಉಂಡವನನ್ನೇ ಸಮಾಜ ಅಪರಾಧಿ ಮಾಡುವುದು ಹೇಗೆ ಎಂಬುದಕ್ಕೆ ಪ್ರೊಫೆಸರು ಶಾಂತಿನಗರದ ಕತೆಯನ್ನೇ ಹೇಳಿದರು. ಹೆಸರು, ಊರು, ಪೆದ್ದಪ್ಪನ ಪ್ರಶ್ನೆ ಯಾವುದನ್ನೂ ಬಿಡಲಿಲ್ಲ. ಮೈಕು ಕೈಗೆ ಬಂದಾಗ ಎಂಕಪ್ಪ ಒಂದೇ ಮಾತು ಕೇಳಿದ.

"ನಿಮ್ಮೊಳಗ ಯಾರಿಗಾದ್ರೂ ಹೊಲ ಐತೇನ್ರಿ? ನನ್ನ ಕುರಿ ಕೂಡಿಸಿಕೊಂತೀರೇನ್ರಿ?"

ಎಂಥ ಮಾತಾಡಿದ ಮುದುಕ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಟ್ಟಿದ ಮೇಲೆ ಕೂತರು. ಮರುದಿನ ಪೇಪರಿನಲ್ಲಿ ಶಾಲು ಹೊದ್ದ ಅವನ ಚಿತ್ರ ಬಂತು, ಪಕ್ಕದಲ್ಲಿ ಆ ಹಳದಿ ಕಣ್ಣು. ನೋಡೋಣ ಎಂದಿದ್ದ ಕೊತ್ತಪಲ್ಲಿಯ ರೈತನೊಬ್ಬ ಪೇಪರು ಬಂದ ದಿನವೇ ಫೋನ್ ಮಾಡಿ ಬೇಡವೆಂದ. ಮಕ್ತಲ್ ಸಂತೆಗೆ ಹೊಡೆದುಕೊಂಡು ಹೋದರೆ ಕಟುಕರು ಕುರಿಯ ಕಣ್ಣ ರೆಪ್ಪೆ ಬಿಡಿಸಿ ನೋಡಿ, "ಏಮಯ್ಯಾ, ಪೇಪರ್ ಕುರಿ ತಂದಿಯಾ?" ಎಂದು ಒಬ್ಬರಿಗೊಬ್ಬರು ಕಣ್ಣು ಹೊಡೆದರು.

ಜಮ್ಮುಲಮ್ಮ ಬೈಯಲಿಲ್ಲ. ಬೋರಿನ ನೀರು ಸಣ್ಣಗಾಗುತ್ತಾ ಬಂತು. ಆಮೇಲೆ ಬರೇ ಗಾಳಿ ಬಂತು. ಅವಳು ಖಾಲಿ ಕೊಡ ಬೋರಲು ಹಾಕಿ ಅದರ ಮೇಲೆ ಕೂತಳು.

ಪ್ರೊಫೆಸರು ಮತ್ತು ಹರಿತಾ ಜೀಪಿನಲ್ಲಿ ಬಂದದ್ದು ಆಗ. ಉಪನ್ಯಾಸಗಳಿಂದ ಒಳ್ಳೆಯದೇ ಆಗಿತ್ತು. ದೊಡ್ಡ ಸಂಸ್ಥೆಯೊಂದು ಹಳ್ಳದ ಅಧ್ಯಯನವನ್ನು ಒಂದು ವರ್ಷ ಮುಂದುವರಿಸಲು ಹಣ ಕೊಡುವುದಕ್ಕೆ ಒಪ್ಪಿತ್ತು. ಪ್ರತಿ ತಿಂಗಳು ರಕ್ತ ತೆಗೆಯುವುದು, ಹಿಕ್ಕೆ ತೆಗೆಯುವುದು, ಸತ್ತು ಬಿದ್ದದ್ದನ್ನು ಕೊಯ್ದು ನೋಡುವುದು. ಮಂದೆ ಇಲ್ಲೇ ಇರಬೇಕು. ಮೇವನ್ನು ಕೇಂದ್ರವೇ ಕೊಡುತ್ತದೆ.

"ನೀರು?" ಎಂದ ಎಂಕಪ್ಪ.

ಪ್ರೊಫೆಸರು ಹರಿತಾಳ ಕಡೆ ನೋಡಿದರು. ಆಕೆ ನೆಲ ನೋಡುತ್ತಾ ಹೇಳಿದಳು: "ನೀರು ಕೊಡಾಕ ಬರಲ್ಲ ಕಾಕಾ. ಅಧ್ಯಯನ ಇರೋದೇ ಆ ನೀರಿಂದು."

"ನೀವು ಕುಡಿಸಲೇಬೇಕು ಎಂದು ನಾವು ಹೇಳುತ್ತಿಲ್ಲ" ಎಂದರು ಪ್ರೊಫೆಸರು. "ಹಾಗೆ ಹೇಳುವುದು ತಪ್ಪಾಗುತ್ತದೆ. ನೀವು ಬೇರೆ ಕಡೆ ಒಯ್ಯುವುದಾದರೆ ಒಯ್ಯಿರಿ, ನಾವು ಬೇರೆ ಮಂದೆ ನೋಡಿಕೊಳ್ಳುತ್ತೇವೆ. ಈ ಅಧ್ಯಯನ ಮುಗಿದರೆ ಕಾರ್ಖಾನೆ ನಿಲ್ಲುವುದು ಖಂಡಿತ."

"ಅಷ್ಟೊತ್ತಿಗೆ ಕುರಿ?"

ಅವರು ಪ್ರಾಮಾಣಿಕರು. ಸುಳ್ಳು ಹೇಳಲಿಲ್ಲ, ಜೀಪಿನಿಂದ ಮೇವು ಇಳಿಸುವಂತೆ ಕೈ ಮಾಡಿದರು.

ಎಂಕಪ್ಪ ಹಟ್ಟಿಯ ಮುಳ್ಳುಬೇಲಿ ಸರಿಸಿದ. ಬೋರು ಬತ್ತಿದ ಮೇಲೆ ಮಂದೆಯ ಬಾಯಿಗೆ ನೀರು ಬಿದ್ದಿರಲಿಲ್ಲ. ಒಣ ಹುಲ್ಲಿನ ಕಟ್ಟು ಜೀಪಿನಿಂದ ಇಳಿದರೂ ಕುರಿಗಳು ಅದನ್ನು ಮೂಸಿ ಬಿಟ್ಟವು. ಅವನು ಮುಂದೆ ನಡೆದ, ಅವು ಹಿಂದೆ ಬಂದವು. ಹರಿತಾ ಬಾಟಲಿಗಳ ಪೆಟ್ಟಿಗೆ ಹಿಡಿದು ಬಂದಳು.

ಹಳ್ಳದಲ್ಲಿ ನೀರು ತೆಳ್ಳಗೆ, ಚೆಂದಕ್ಕೆ ನೀಲಿಯಾಗಿ ಹರಿಯುತ್ತಿತ್ತು. ದಡಕ್ಕೆ ಬಂದು ಕುರಿಗಳು ನಿಂತುಬಿಟ್ಟವು. ಇಷ್ಟು ದಿನ ಕೋಲು ಬೀಸಿ ಇಲ್ಲಿಂದ ಓಡಿಸಿದವನು ಇವನೇ. ಮುಂದಿನ ಹೆಣ್ಣುಕುರಿ ನೀರು ನೋಡಿತು, ಎಂಕಪ್ಪನ ಕೈಯ ಕೋಲು ನೋಡಿತು, ಇಳಿಯಲಿಲ್ಲ.

ಅವನು ಕೋಲು ಕೆಳಗಿಟ್ಟ. ನಾಲಿಗೆ ಮಡಿಚಿ, ಕುರಿಗೆ ನೀರು ಕುಡಿಸುವಾಗ ಹಾಕುವ ಸಣ್ಣ ಸಿಳ್ಳೆ ಹಾಕತೊಡಗಿದ. ಹೆದರಬೇಡಿ, ನಾನಿದ್ದೇನೆ, ಕುಡಿಯಿರಿ ಎಂದು ಆ ಸಿಳ್ಳೆಗೆ ಅರ್ಥ. ಮುಂದಿನದು ಒಂದು ಕಾಲು ಇಳಿಸಿತು. ಹಿಂದಿನವು ಒಂದನ್ನೊಂದು ತಳ್ಳಿದವು. ಕೊನೆಯ ಮರಿಯೂ ತಲೆ ತಗ್ಗಿಸಿ ಕುಡಿಯುವವರೆಗೆ ಎಂಕಪ್ಪ ಸಿಳ್ಳೆ ನಿಲ್ಲಿಸಲಿಲ್ಲ.