ಅಟ್ಟದ ಗಾಳಿ, ತೋಟದ ಬಳ್ಳಿ

ಬೋರ್ಟೊಲೊ ಬಲು ಜಾಣ ಅಂತ ಊರಿಗೆ ಊರೇ ಹೇಳುತ್ತಿತ್ತು. ಆ ಜಾಣತನವೇ ಮನೆತನದ ವೈನಿಗೆ ಮುಳುವಾಯಿತು, ಏನು ಹೇಳೋಣ! ಸಾಯುವ ಮುಂಚೆ ಆತ ಆಸ್ತಿ ಹಂಚಿದ್ದು ಹೀಗೆ: ದ್ರಾಕ್ಷಿ ತೋಟ ಮಗಳು ಜೆಮ್ಮಾಳಿಗೆ, ದೊಡ್ಡ ಅಟ್ಟವಿದ್ದ ಹಳೆಯ ಮನೆ ಮಗ ವಿಜಿಲಿಯೊಗೆ. ಅವರ ಮನೆಯ ವೀನೊ ಸಾಂತೊ ಎಂಬ ಸಿಹಿ ವೈನ್ ಆಗಬೇಕಾದರೆ ಎರಡೂ ಬೇಕು. ನೊಸಿಯೋಲಾ ಜಾತಿಯ ದ್ರಾಕ್ಷಿಯನ್ನು ಕೊಯ್ದು, ಅಟ್ಟದ ತಟ್ಟಿಗಳ ಮೇಲೆ ಹರವಿ, ಗಾರ್ಡಾ ಸರೋವರದ ಕಡೆಯಿಂದ ಮಧ್ಯಾಹ್ನ ಮಧ್ಯಾಹ್ನ ಬೀಸುವ ಓರಾ ಗಾಳಿಗೆ ಚಳಿಗಾಲವಿಡೀ ಒಣಗಿಸಿ, ಈಸ್ಟರಿನ ಹಿಂದಿನ ಪವಿತ್ರ ವಾರದಲ್ಲಿ ಹಿಂಡಬೇಕು. ಆಮೇಲೆ ಪೀಪಾಯಿಯಲ್ಲಿ ಅದಕ್ಕೆ ವರ್ಷಗಟ್ಟಲೆ ನಿದ್ದೆ. ಇಡೀ ಊರಲ್ಲಿ ಆ ಗಾಳಿ ನೇರವಾಗಿ ನುಗ್ಗುವುದು ಆ ಅಟ್ಟಕ್ಕೆ ಮಾತ್ರ. "ತೋಟ ಇದ್ದೋಳಿಗೆ ಗಾಳಿ ಬೇಕು, ಗಾಳಿ ಇದ್ದೋನಿಗೆ ದ್ರಾಕ್ಷಿ ಬೇಕು. ಇನ್ನು ಅದು ಹೇಗೆ ಜಗಳ ಆಡ್ತೀರೋ ನಾನೂ ನೋಡ್ತೀನಿ" ಎಂದು ಮುದುಕ ಹಾಸಿಗೆಯಲ್ಲೇ ನಕ್ಕಿದ್ದ.

ಆಡಿದರು. ಆಡದೆ ಬಿಡುತ್ತಾರೆಯೆ? ಅಪ್ಪನ ಹಟ ಇಬ್ಬರಿಗೂ ಸಮಪಾಲಾಗಿ ಬಂದಿತ್ತಲ್ಲ.

ಕೆಲವು ವರ್ಷಗಳ ಹಿಂದೆ, ನವೆಂಬರಿನ ಒಂದು ಸಂಜೆ ಕಣಿವೆಗೆ ಮಂಜು ಇಳಿಯಿತು. ಮಂಜು ಇಳಿದರೆ ಅಟ್ಟದ ಕಿಟಕಿಗಳನ್ನು ಮುಚ್ಚಬೇಕು. ಇಲ್ಲದಿದ್ದರೆ ಹಣ್ಣಿಗೆ ಕೆಟ್ಟ ಕೊಳೆ ಹಿಡಿಯುತ್ತದೆ. ಊರಿನ ಬ್ಯಾಂಡಿನಲ್ಲಿ ತುತ್ತೂರಿ ಊದುವ ವಿಜಿಲಿಯೊ ಅಭ್ಯಾಸಕ್ಕೆಂದು ಹೋದವನು ಅದನ್ನು ಮರೆತೇಬಿಟ್ಟ. ವಾರದೊಳಗೆ ಅರ್ಧ ಅಟ್ಟ ಹುಳಿ ನಾತ ಹೊಡೆಯಿತು. ಮುಂದಿನ ಭಾನುವಾರ ಚರ್ಚಿನ ಅಂಗಳದಲ್ಲಿ, ಹತ್ತು ಜನರ ಎದುರು, ಜೆಮ್ಮಾ ತಮ್ಮನನ್ನು ಹಿಡಿದು ನಿಲ್ಲಿಸಿದಳು.

"ಅಪ್ಪ ನಿನಗೆ ಕೊಟ್ಟಿದ್ದು ಕಾಯೋಕೆ ಬರೀ ಗಾಳಿ. ಅದನ್ನೂ ಕಾಯೋಕಾಗ್ಲಿಲ್ವಲ್ಲೋ ನಿನ್ನ ಕೈಲಿ! ಹೋಗು, ಪೀಪೀ ಊದ್ಕೊಂಡು ಬಿದ್ದಿರು."

ಜನ ಗೊಳ್ಳೆಂದು ನಕ್ಕರು. ವಿಜಿಲಿಯೊನ ಮುಖ ಕೆಂಪೇರಿತು. "ಹಾಗೋ? ಇನ್ಮೇಲೆ ನಿನ್ನ ದ್ರಾಕ್ಷೀನ ನಿನ್ನ ಮಂಚದ ಮೇಲೆ ಒಣಗಿಸ್ಕೋ" ಎಂದವನೇ ಹೋಗಿ ಅಟ್ಟಕ್ಕೆ ಬೀಗ ಜಡಿದ. ಅಂದಿನಿಂದ ಅಕ್ಕ ತಮ್ಮಂದಿರ ನಡುವೆ ಮಾತಿಲ್ಲ, ಕತೆಯಿಲ್ಲ. ಜೆಮ್ಮಾ ದ್ರಾಕ್ಷಿಯನ್ನು ಹಸಿಯಾಗಿಯೇ ಸಹಕಾರ ಸಂಘಕ್ಕೆ ಹಾಕತೊಡಗಿದಳು. ಈ ಜಾತಿ ಈಗ ಯಾರಿಗೂ ಬೇಡಮ್ಮ, ಬುಡ ಉಳಿಸಿಕೊಂಡು ಮೇಲಿನದನ್ನು ಕಡಿಸಿ ಪೀನೊ ದ್ರಾಕ್ಷಿಯ ಕಸಿ ಹಾಕಿಸಿಬಿಡಿ ಎಂದು ಸಂಘದವರು ಪ್ರತಿ ವರ್ಷ ಹೇಳುತ್ತಿದ್ದರು. ಪ್ರತಿ ವರ್ಷ ಅವಳು, ನೋಡೋಣ ಎನ್ನುತ್ತಿದ್ದಳು.

ಈ ಸಲ ಈಸ್ಟರಿನ ಹಿಂದಿನ ಗರಿಗಳ ಭಾನುವಾರ ಪೂಜೆ ಮುಗಿಸಿ ಬಂದು ಅವಳು ಒಲೆಯ ಮೇಲೆ ಪೊಲೆಂತಾ ಗಂಜಿ ತಿರುವುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ವಿಜಿಲಿಯೊ. ಕೈಯಲ್ಲಿ ಪಾದ್ರಿ ಮಂತ್ರಿಸಿಕೊಟ್ಟ ಆಲಿವ್ ರೆಂಬೆ. ಮುನಿಸಿಕೊಂಡವರ ಮನೆಗೆ ಆ ದಿನ ಆಲಿವ್ ರೆಂಬೆ ಹಿಡಿದು ಹೋದರೆ ಯಾರೂ ಬಾಗಿಲು ಹಾಕುವಂತಿಲ್ಲ.

"ಒಳಗೆ ಬರ್ಲೋ, ಇಲ್ಲಾ ಇಲ್ಲೇ ನಿಂತು ಬೇರು ಬಿಡ್ಲೋ?" ಅಂದ.

"ಬಾರೋ. ಬಾಗಿಲು ಹಾಕು, ಬಿಸಿ ಎಲ್ಲಾ ಹೊರಗೆ ಹೋಗುತ್ತೆ." ಅವಳು ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಎಷ್ಟು ಸೊರಗಿದ್ದೀಯೋ!"

"ನಿನ್ನ ಬೈಗುಳ ಇಲ್ದೆ ಊಟ ಸೇರ್ತಿರ್ಲಿಲ್ಲ ಅಕ್ಕ."

ಅವನು ಒಲೆಯ ಹತ್ತಿರ ಕುರ್ಚಿ ಎಳೆದುಕೊಂಡು ಕೈ ಕಾಯಿಸತೊಡಗಿದ. ಹೇಳಲು ಬಂದ ಮಾತನ್ನು ಒಂದೇ ಉಸಿರಿಗೆ ಆಡಿ ಮುಗಿಸಿದ. "ಅಟ್ಟ ರಿಪೇರಿ ಮಾಡ್ಸಿದೀನಿ. ತಟ್ಟಿ ಎಲ್ಲಾ ಹೊಸದು, ನಾನೇ ಕೂತು ಹೆಣೆದದ್ದು. ಬ್ಯಾಂಡೂ ಬಿಟ್ಟೆ. ಈ ಸಲ ದ್ರಾಕ್ಷಿ ನಮ್ಮನೆಗೇ ಬರಲಿ. ಅವತ್ತಿನ ತಪ್ಪು ನಂದೇ, ಆಯ್ತಾ?"

ಜೆಮ್ಮಾ ಸೌಟು ತಿರುವುತ್ತಲೇ ಇದ್ದಳು.

"ಏನಾದ್ರೂ ಅನ್ನಕ್ಕಾ. ಬೈಯೋದಾದ್ರೂ ಬೈ."

"ಮೊದ್ಲು ಊಟ ಮಾಡು."

"ಊಟ ಎಲ್ಲಿ ಹೋಗುತ್ತೆ? ನಡಿ, ತೋಟ ನೋಡ್ಕೊಂಡು ಬರೋಣ. ಅಪ್ಪ ನೆಟ್ಟ ಮೇಲಿನ ಸಾಲು ಚಿಗುರ್ತಾ ಇದ್ಯಾ?"

ಅವಳು ಸೌಟು ಬಿಟ್ಟಳು. "ಕಡಿಸಿಬಿಟ್ಟೆ ಕಣೋ."

"ಏನನ್ನ?"

"ಬಳ್ಳೀನ. ಎಲ್ಲಾನೂ. ಬೇರೆ ಕಸಿ ಹಾಕೋಕೆ."

ತಮಾಷೆ ಮಾಡುತ್ತಿದ್ದಾಳೆಂದು ಅವನು ಮೊದಲು ನಕ್ಕ. ಅವಳ ಮುಖ ನೋಡಿ ನಗು ಅಲ್ಲಿಗೇ ನಿಂತಿತು. "ಒಂದು ಸಾಲೂ ಬಿಡ್ಲಿಲ್ವಾ?"

"ಇಲ್ಲ."

"ಹೋಗ್ಲಿ, ಕಡ್ಡಿ? ಅದನ್ನೇ ತಿರುಗಿ ಕಸಿ ಕಟ್ಟಬಹುದು. ಒಂದು ಹಿಡಿ ಎತ್ತಿಟ್ಟಿರ್ತೀಯಲ್ಲ?"

ಜೆಮ್ಮಾಳ ಕಣ್ಣು ಒಲೆಯ ಕಡೆ ಹೋಯಿತು. ವಿಜಿಲಿಯೊ ಬೆಂಕಿ ನೋಡಿದ, ಪಕ್ಕದ ಬುಟ್ಟಿಯಲ್ಲಿ ತುಂಡು ಮಾಡಿಟ್ಟಿದ್ದ ತಿರುಚು ಕಟ್ಟಿಗೆ ನೋಡಿದ. ಕಾಯಿಸುತ್ತಿದ್ದ ಕೈಗಳನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡ.

"ಬೇರೆಯವರ ತೋಟದಿಂದ ಕಡ್ಡಿ ತರೋಣ. ನಾನೇ ಹೋಗಿ ಕೇಳ್ತೀನಿ" ಎಂದಳು ಅವಳು ಗಡಿಬಿಡಿಯಿಂದ.

"ತಂದು? ಅದು ಚೆನ್ನಾಗಿ ಕಾಯಿ ಬಿಡೋಕೆ ಒಂದಷ್ಟು ವರ್ಷ, ಪೀಪಾಯಲ್ಲಿ ಕೂತು ಹದಕ್ಕೆ ಬರೋಕೆ ಇನ್ನೊಂದಷ್ಟು ವರ್ಷ. ಅಷ್ಟು ಹೊತ್ತಿಗೆ ನಾನಿರ್ತೀನಾ, ನೀನಿರ್ತೀಯಾ? ಇದ್ರೂ ಅದು ಅಪ್ಪನ ಬಳ್ಳಿ ಆಗುತ್ತಾ ಅಕ್ಕ?"

ವಿಜಿಲಿಯೊ ತಲೆ ತಗ್ಗಿಸಿ ಕೂತವನು ತನ್ನಷ್ಟಕ್ಕೇ ಎಂಬಂತೆ ಶುರು ಮಾಡಿದ.

"ಫೆಬ್ರವರೀಲಿ ಒಂದಿನ ಬಂದಿದ್ದೆ. ಇದೇ ಮಾತು ಹೇಳೋಕೆ. ತೋಟದ ತಿರುವಿನವರೆಗೂ ಬಂದೆ. ಗರಗಸ ಹಿಡ್ಕೊಂಡು ಆಳುಗಳು ನಿಂತಿದ್ರು, ರೆಂಬೆ ಸವರೋಕೆ ಬಂದಿದಾರೆ ಅಂದ್ಕೊಂಡೆ. ಅವರೆದುರಿಗೆ ನೀನು ಮತ್ತೆ ಏನಾದ್ರೂ ಅಂದುಬಿಟ್ರೆ ಅಂತ ನಾಚಿಕೆ ಆಯ್ತು. ತಿರುಗಿ ಹೋಗ್ಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!"

ಅವನನ್ನು ಅವತ್ತು ಜೆಮ್ಮಾ ನೋಡಿದ್ದಳು! ಆ ಬೆಳಿಗ್ಗೆ ಮೇಸ್ತ್ರಿ, "ಮೇಲಿನ ಸಾಲು ನಿಮ್ಮಪ್ಪ ನೆಟ್ಟಿದ್ದು, ಅದೊಂದನ್ನ ಬಿಟ್ಬಿಡೋಣ್ವೇನಮ್ಮ?" ಎಂದು ಕೇಳಿದ್ದ. ಬಿಡಿ ಎಂಬ ಮಾತು ಅವಳ ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ತಿರುವಿನಲ್ಲಿ ತಮ್ಮನ ಟೋಪಿ ಕಾಣಿಸಿತು. ಮಜಾ ನೋಡೋಕೆ ಬಂದಿದ್ದಾನೆ, ನೋಡಲಿ ಎಂದು ಅವಳ ಮೈಯೆಲ್ಲ ಉರಿದುಹೋಗಿತ್ತು. "ಒಂದನ್ನೂ ಬಿಡಬೇಡಿ! ಮೇಲಿನ ಸಾಲಿಂದಾನೇ ಶುರು ಮಾಡಿ!" ಎಂದು ಅವನಿಗೆ ಕೇಳಲೆಂದೇ ಗಟ್ಟಿಯಾಗಿ ಕೂಗಿದ್ದಳು. ಅವನಿಗೆ ಕೇಳಿಸಿರಲೇ ಇಲ್ಲ.

"ಅವತ್ತು ನಾನು ನಾಲ್ಕು ಹೆಜ್ಜೆ ಮುಂದೆ ಬಂದು ಅಕ್ಕಾ ಅಂದಿದ್ರೆ ನೀನು ನಿಲ್ಲಿಸ್ತಿದ್ದೆ, ಅಲ್ವಾ?" ವಿಜಿಲಿಯೊನ ಕಣ್ಣು ತುಂಬಿತ್ತು.

ಹೇಳಬೇಕಿತ್ತು. ನಿನ್ನನ್ನು ನೋಡಿಯೇ ಕಡಿಸಿದೆ ಕಣೋ ಎಂದು ಆಗಲೇ ಹೇಳಿಬಿಡಬೇಕಿತ್ತು.

"ನಿಲ್ಲಿಸ್ತಿದ್ದೆ" ಎಂದಳು ಜೆಮ್ಮಾ. ತಟ್ಟೆ ತಂದು ಪೊಲೆಂತಾ ಬಡಿಸಿದಳು. ಅವನು ಮೂಗೊರೆಸಿಕೊಂಡು, ಎಲ್ಲ ತಪ್ಪೂ ತನ್ನದೇ ಎಂಬಂತೆ ತಲೆ ಎತ್ತದೆ ಉಣ್ಣತೊಡಗಿದ.